ಬೈಟು ಕಾಫಿಯ ಅರ್ಥಶಾಸ್ತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನ ಕೌಂಟರ್ ಹಿಂದೆ ಮೂವತ್ತು ವರ್ಷ ಕೂತವನಿಗೆ ನಿವೃತ್ತಿಯಾದ ಮೇಲೂ ಬಿಡುಗಡೆ ಇಲ್ಲ. ಲಾಲ್‌ಬಾಗಿನಲ್ಲಿ ಬೆಳಗ್ಗೆ ಜೊತೆಗೆ ನಡೆಯುವವರು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು, ಅಪರೂಪಕ್ಕೆ ಪತ್ರ ಬರೆಯುವವರು, ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವನ್ನೇ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಮೊದಲ ಮೆಟ್ಟಿಲು

ಕಾಫಿ ನಮ್ಮ ಚಿಕ್ಕಮಗಳೂರಲ್ಲೇ ಬೆಳೀತಾರೆ. ಬ್ರೆಜಿಲ್‌ನಲ್ಲಿ ಮಳೆ ಬರ್ಲಿಲ್ಲ ಅಂತ ಗಾಂಧಿ ಬಜಾರ್‌ನಲ್ಲಿ ಪುಡಿ ಯಾಕೆ ದುಬಾರಿ ಆಗ್ಬೇಕು?

ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಕೇಳುವವರ ಧ್ವನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ.

ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಜಯನಗರದ ನಿಮ್ಮ ಸೈಟನ್ನು 1980ರಲ್ಲಿ ತಗೊಂಡ ರೇಟಿಗೇ ಇವತ್ತು ಮಾರುತ್ತೀರಾ? ಇಲ್ಲ ಅಲ್ವಾ? ನೀವು ಎಷ್ಟು ಕೊಟ್ಟಿರಿ ಎನ್ನುವುದು ಮುಖ್ಯವಲ್ಲ. ಇವತ್ತು ಬೇರೆಯವರು ಎಷ್ಟು ಕೊಡುತ್ತಾರೆ ಎನ್ನುವುದು ಮುಖ್ಯ. ತೋಟದವರ ಲೆಕ್ಕವೂ ಅದೇ. ಭಾರತದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಆದರೆ ದೇಶದ ಬೆಳೆಯಲ್ಲಿ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿಯ ವ್ಯಾಪಾರಿ ಒಳ್ಳೆಯ ರೇಟು ಹಿಡಿದು ನಿಂತಿರುವಾಗ, ಕೊಡಗಿನ ಬೆಳೆಗಾರರು ಅದಕ್ಕಿಂತ ಕಡಿಮೆಗೆ ಬೆಂಗಳೂರಿನ ಪುಡಿ ಅಂಗಡಿಗೆ ಯಾಕೆ ಕೊಡಬೇಕು?

ಇನ್ನು ಬ್ರೆಜಿಲ್. ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು. ಎರಡನೆಯದು ವಿಯೆಟ್ನಾಂ. 2021ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿತು. 2024ರಲ್ಲಿ ಎರಡೂ ದೇಶಗಳಿಗೆ ಬರ ಬಡಿಯಿತು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಜಾತಿಯ ಕಾಫಿ ಟನ್ನಿಗೆ 5,000 ಡಾಲರ್ ಮೇಲಿತ್ತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಜಾತಿಯದ್ದು ಪೌಂಡು ತೂಕಕ್ಕೆ 4 ಡಾಲರ್ ದಾಟಿತು. ಅದೇ ವರ್ಷ ಬೆಂಗಳೂರಿನ ಹೋಟೆಲುಗಳು ಲೋಟದ ಬೆಲೆ ಏರಿಸಿದವು.

ಬೆಲೆ ಅನ್ನುವುದು ಒಂದು ಸುದ್ದಿ. ಮಾಲು ಕಡಿಮೆ ಇದೆ ಎಂದು ಕುಡಿಯುವವರಿಗೂ ಬೆಳೆಯುವವರಿಗೂ ಒಟ್ಟಿಗೇ ಹೇಳುತ್ತದೆ. ನಾವು ಬೈಟು ಹೇಳುತ್ತೇವೆ. ಮನೆಯಲ್ಲಿ ಚಿಕೋರಿ ಸ್ವಲ್ಪ ಜಾಸ್ತಿ ಬೀಳುತ್ತದೆ. ಸಕಲೇಶಪುರದವರು ಗೊಬ್ಬರಕ್ಕೆ, ನೀರಿಗೆ ಇನ್ನಷ್ಟು ಖರ್ಚು ಮಾಡಲು ಧೈರ್ಯ ಮಾಡುತ್ತಾರೆ. ಇವರಿಗೆಲ್ಲ ಯಾರೂ ಸರ್ಕ್ಯುಲರ್ ಕಳಿಸಿಲ್ಲ.

ಸರ್ಕಾರದ ಹತ್ರ ನೋಟು ಅಚ್ಚು ಹಾಕೋ ಮಷೀನ್ ಇದೆ. ಮುದ್ರಿಸಿ ಎಲ್ರಿಗೂ ಹಂಚಿದ್ರೆ ಬಡತನ ಹೋಗಲ್ವಾ?

ಒಂದು ದರ್ಶಿನಿಯಲ್ಲಿ ಇವತ್ತು 100 ತಟ್ಟೆ ಇಡ್ಲಿ ಬೆಂದಿದೆ. ಕ್ಯಾಷ್ ಕೌಂಟರಿನವರು 200 ಟೋಕನ್ ಕೊಟ್ಟರೆ ಇಡ್ಲಿ 200 ತಟ್ಟೆ ಆಗುತ್ತದೆಯೇ? ಗಲಾಟೆ ಮಾತ್ರ ಆಗುತ್ತದೆ. ನೋಟು ಅನ್ನುವುದು ಟೋಕನ್. 2009ರ ಜನವರಿಯಲ್ಲಿ ಜಿಂಬಾಬ್ವೆ 1ರ ಮುಂದೆ 14 ಸೊನ್ನೆ ಇರುವ ನೋಟು ತಂದಿತು. ಕೆಲವೇ ತಿಂಗಳಲ್ಲಿ ಆ ದೇಶ ತನ್ನ ದುಡ್ಡನ್ನೇ ಕೈಬಿಟ್ಟು ಬೇರೆ ದೇಶಗಳ ನೋಟು ಬಳಸತೊಡಗಿತು.

1947ರಲ್ಲಿ ಒಂದು ಡಾಲರ್‌ಗೆ ಒಂದೇ ರೂಪಾಯಿ ಇತ್ತಂತೆ. ಈಗ 90 ಆಗಿದೆ. ನಾವು ಅಷ್ಟು ಕೆಳಗೆ ಬಿದ್ವಾ?

ಮೊದಲನೆಯದು ವಾಟ್ಸಾಪ್ ಕಥೆ. ಆಗ ರೂಪಾಯಿಯನ್ನು ಬ್ರಿಟಿಷ್ ಪೌಂಡಿಗೆ ಕಟ್ಟಿಹಾಕಿದ್ದರು. ಒಂದು ಪೌಂಡಿಗೆ 13 ರೂಪಾಯಿ ಚಿಲ್ಲರೆ, ಪೌಂಡಿಗೆ 4 ಡಾಲರ್ ಚಿಲ್ಲರೆ. ಭಾಗಿಸಿದರೆ ಡಾಲರಿಗೆ ಸುಮಾರು 3 ರೂಪಾಯಿ 30 ಪೈಸೆ. 1949ರಲ್ಲಿ ಅದು 4.76 ಆಯಿತು. 1966ರ ಜೂನ್‌ನಲ್ಲಿ 7.50. 2025ರ ಡಿಸೆಂಬರ್‌ನಲ್ಲಿ 90 ದಾಟಿತು.

ಎರಡನೆಯದಕ್ಕೆ ಉತ್ತರ ನೀವು ಯಾರು ಎನ್ನುವುದರ ಮೇಲೆ ಇದೆ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿ ಡಾಲರಿನಲ್ಲಿ ಬಿಲ್ ಮಾಡಿ ರೂಪಾಯಿಯಲ್ಲಿ ಸಂಬಳ ಕೊಡುತ್ತದೆ. ಅದಕ್ಕೆ ಸಂತೋಷ. ಮಗಳನ್ನು ಅಮೆರಿಕಕ್ಕೆ ಓದಲು ಕಳಿಸಿದ ಅಪ್ಪನಿಗೆ ನಿದ್ದೆ ಇಲ್ಲ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರಗಿನದ್ದು. ಹಾಗಾಗಿ ಕುಸಿತದ ಒಂದು ಚೂರು ತರಕಾರಿ ಲಾರಿಯ ಬಾಡಿಗೆಯಲ್ಲೂ ಸೇರಿರುತ್ತದೆ. ರೂಪಾಯಿಯ ಬೆಲೆಯನ್ನು ಕ್ರಿಕೆಟ್ ಸ್ಕೋರಿನ ಹಾಗೆ ನೋಡುವುದು ಸುಮ್ನೆ ಬಿಪಿ ಏರಿಸಿಕೊಳ್ಳುವ ಕೆಲಸ.

ಟೊಮೆಟೊ ಕೆಜಿಗೆ 100 ದಾಟಿದ್ರೆ ರೈತ ಶ್ರೀಮಂತ ಆಗ್ತಾನಾ?

ಆ ವಾರ ಯಾರ ಹೊಲದಲ್ಲಿ ಹಣ್ಣಿತ್ತೋ ಅವರು ಮಾತ್ರ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದನ್ನು ನೋಡಿ ಸುತ್ತಲಿನವರೆಲ್ಲ ನಾಟಿ ಮಾಡಿದರು. ಸೆಪ್ಟೆಂಬರ್ ಹೊತ್ತಿಗೆ ಎಲ್ಲರ ಬೆಳೆ ಒಟ್ಟಿಗೆ ಬಂದು ಬೆಲೆ ನೆಲ ಕಚ್ಚಿತು. ನಾಟಿ ಮಾಡಿದ ದಿನದ ರೇಟು ಬೇರೆ, ಕೊಯ್ಯುವ ದಿನದ ರೇಟು ಬೇರೆ. ನಡುವೆ ಎರಡು ಎರಡೂವರೆ ತಿಂಗಳಿದೆ. ಒಣಗಿಸಿ ಇಡಲು ಟೊಮೆಟೊ ರಾಗಿಯಲ್ಲ.

## ಸ್ವಲ್ಪ ಒಳಗೆ

ನೀರಿನ ಟ್ಯಾಂಕರ್ ರೇಟು ಸರ್ಕಾರ ಫಿಕ್ಸ್ ಮಾಡಿದ್ದು ಸರಿಯೋ ತಪ್ಪೋ?

ಬೆಂಗಳೂರಿನ 2024ರ ಬೇಸಿಗೆ ನೆನಪಿದೆ ಅಲ್ವಾ? ಬೋರ್‌ವೆಲ್‌ಗಳು ಒಣಗಿದವು. 12,000 ಲೀಟರ್ ಟ್ಯಾಂಕರ್ ಕೆಲವು ಕಡೆ 2,000 ರೂಪಾಯಿ ಮುಟ್ಟಿತು. ಜಿಲ್ಲಾಡಳಿತ ದರ ನಿಗದಿ ಮಾಡಿತು. 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000.

ನಮ್ಮ ಬೀದಿಯಲ್ಲಿ ಏನಾಯಿತು ಎಂದರೆ, ಮಾಮೂಲಿ ಟ್ಯಾಂಕರಿನವನು ಫೋನ್ ಎತ್ತುವುದನ್ನೇ ನಿಲ್ಲಿಸಿದ. ಎತ್ತಿದಾಗಲೂ "ನಾಳೆ ನೋಡೋಣ ಸಾರ್" ಎನ್ನುತ್ತಿದ್ದ. ನಾಳಿದ್ದು ಬಂದ ಟ್ಯಾಂಕರ್ ತುಂಬಿರಲಿಲ್ಲ. ಚೀಟಿಯಲ್ಲಿ ಸರ್ಕಾರಿ ರೇಟು, ಕೈಗೆ ಮೇಲೊಂದಿಷ್ಟು. ಇದು ಪಠ್ಯಪುಸ್ತಕದಲ್ಲಿ ಇರುವ ಹಾಗೆಯೇ ನಡೆಯಿತು. ಬೆಲೆಯನ್ನು ಕೆಳಗೆ ಒತ್ತಿ ಹಿಡಿದರೆ ಕೊರತೆ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಕ್ಯೂ ಆಗುತ್ತದೆ, ತೂಕದಲ್ಲಿ ಮೋಸ ಆಗುತ್ತದೆ, ಇಲ್ಲವೇ ಪರಿಚಯ ಇದ್ದವರಿಗೆ ಮೊದಲು ಸಿಗುತ್ತದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮೂರು ಪದರದ ಮಾಸ್ಕಿಗೆ 10 ರೂಪಾಯಿ ಮಿತಿ ಹಾಕಿದಾಗ ನಮ್ಮ ಮೆಡಿಕಲ್ ಶಾಪಿನಲ್ಲಿ "ಸ್ಟಾಕಿಲ್ಲ" ಎಂಬ ಬೋರ್ಡು ಬಿತ್ತು.

ಹಾಗಂತ ದರ ನಿಗದಿ ಯಾವಾಗಲೂ ದಡ್ಡತನ ಎಂದು ನಾನು ಹೇಳುವುದಿಲ್ಲ. ಒಂದು ಬಡಾವಣೆಗೆ ಒಬ್ಬನೇ ನೀರು ಕೊಡುವವನಿದ್ದರೆ, ಬೇರೆಯವರ ಲಾರಿಯನ್ನು ಒಳಗೆ ಬಿಡದಿದ್ದರೆ, ಅವನ ರೇಟು ಕೊರತೆಯ ಸುದ್ದಿ ಅಲ್ಲ, ಬರೀ ದರ್ಬಾರು. ಅಲ್ಲಿ ಮಿತಿ ಬೇಕು. ಆದರೆ ಅದರ ಜೊತೆಗೆ ನೀರೂ ಬರಬೇಕು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಟ್ಯಾಂಕರಿನವರ ಸೊಕ್ಕು ಮುರಿಯಲು ಆದೇಶಕ್ಕಿಂತ ಈ ಪೈಪು ಒಳ್ಳೆಯದು.

ಅಮೆರಿಕದಲ್ಲಿರೋ ಮಗಳು 2023ರಲ್ಲಿ ಅಕ್ಕಿಗೆ ಕ್ಯೂ ನಿಂತಿದ್ಲು. ನಾವು ರಫ್ತು ನಿಲ್ಲಿಸಿದ್ದು ಯಾರಿಗೆ ಒಳ್ಳೇದಾಯ್ತು?

ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40 ನಮ್ಮದು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ನಿಲ್ಲಿಸಿತು. ಅಮೆರಿಕದ ಅಂಗಡಿಗಳಲ್ಲಿ ನಮ್ಮವರು ಸೋನಾ ಮಸೂರಿ ಚೀಲಕ್ಕೆ ಮುಗಿಬಿದ್ದರು. ಅವರಿಗೆ ಅದು ಒಂದು ವಾರದ ಕಿರಿಕಿರಿ. ಪಶ್ಚಿಮ ಆಫ್ರಿಕಾದ ಬಡವರಿಗೆ ನಮ್ಮ ಅಕ್ಕಿಯೇ ದಿನದ ಊಟ. ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿ.

ಇಲ್ಲಿ ಅಕ್ಕಿ ಕೊಳ್ಳುವವರಿಗೆ ಒಂದಿಷ್ಟು ಅನುಕೂಲ ಆಗಿರಬಹುದು. ಅದನ್ನು ಕೊಟ್ಟವರು ಭತ್ತ ಬೆಳೆದವರು. ಹೊರಗಿನ ಒಳ್ಳೆಯ ರೇಟು ಅವರ ಕೈತಪ್ಪಿತು. 2024ರ ಸೆಪ್ಟೆಂಬರ್‌ನಲ್ಲಿ ನಿಷೇಧ ತೆಗೆದರು.

ಅದೇ ಸಮಯದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕುತೂಹಲದ ಪ್ರಯೋಗ ನಡೆಯಿತು. ಅನ್ನಭಾಗ್ಯಕ್ಕೆ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗಲಿಲ್ಲ. ಕೆಜಿಗೆ 34ರಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿದರು. ಅರ್ಥಶಾಸ್ತ್ರ ಓದಿದವರು "ದುಡ್ಡೇ ವಾಸಿ, ಬೇಕಾದ್ದು ತಗೋಬಹುದು" ಎನ್ನುತ್ತಾರೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಮ್ಮ ಹೇಳಿದ್ದು ಬೇರೆ: "ಅಕ್ಕಿ ಬಂದ್ರೆ ಡಬ್ಬಕ್ಕೆ ಹೋಗುತ್ತೆ, ದುಡ್ಡು ಬಂದ್ರೆ ನಮ್ಮ ಯಜಮಾನ್ರ ಜೇಬಿಗೆ ಹೋಗುತ್ತೆ." ಮನೆಯೊಳಗೆ ಯಾರ ಮಾತು ನಡೆಯುತ್ತದೆ ಎನ್ನುವುದನ್ನು ಸೇರಿಸದ ಲೆಕ್ಕ ಅರ್ಧ ಲೆಕ್ಕ. 2025ರಲ್ಲಿ ಸರ್ಕಾರ ಮತ್ತೆ ಅಕ್ಕಿಗೇ ಮರಳಿತು.

ಟ್ರಂಪ್ ಸುಂಕ ಹಾಕಿದ್ರೆ ಆ ದುಡ್ಡು ಕೊಡೋರು ಯಾರು? ನಾವಾ ಅವರಾ?

ಬಂದರಿನಲ್ಲಿ ಚೆಕ್ ಬರೆಯುವವನು ಅಮೆರಿಕದ ಆಮದುದಾರ. ಆದರೆ ಹೊರೆ ಯಾರ ಮೇಲೆ ಕೂರುತ್ತದೆ ಎನ್ನುವುದು ಬೇರೆ ವಿಷಯ. ಎದ್ದು ಹೋಗುವ ಅವಕಾಶ ಯಾರಿಗೆ ಇಲ್ಲವೋ ಅವರ ಮೇಲೆ ಕೂರುತ್ತದೆ. ಮೆಜೆಸ್ಟಿಕ್‌ನಲ್ಲಿ ಜೋರು ಮಳೆ, ಕೈಯಲ್ಲಿ ಎರಡು ಸೂಟ್‌ಕೇಸು, ಒಂದೇ ಆಟೋ. ಮೀಟರ್ ಮೇಲೆ ಎಷ್ಟು ಕೇಳಿದರೂ ಕೊಡುತ್ತೀರಿ. ಮಳೆ ಇಲ್ಲದ ದಿನ, ಐದು ಆಟೋ ನಿಂತಿದ್ದರೆ, ಚೌಕಾಸಿ ನಿಮ್ಮದು.

2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್‌ನ ಸರಕಿಗೂ ನಮ್ಮ ಸರಕಿಗೂ ಶೇ 50 ಸುಂಕ ಹಾಕಿತು. ಅಮೆರಿಕನ್ನರು ಕಾಫಿ ಬಿಡಲಾರರು, ಹವಾಯಿಯಂಥ ಸಣ್ಣ ಜಾಗ ಬಿಟ್ಟರೆ ಅಲ್ಲಿ ಬೆಳೆಯುವುದೂ ಇಲ್ಲ. ಅಂಗಡಿಯಲ್ಲಿ ಪುಡಿಯ ಬೆಲೆ ಏರಿತು, ಜನ ಗೊಣಗಿದರು. ನವೆಂಬರ್‌ನಲ್ಲಿ ಸರ್ಕಾರವೇ ಕಾಫಿಯನ್ನು ಸುಂಕದಿಂದ ಕೈಬಿಟ್ಟಿತು. ಆದರೆ ಬಟ್ಟೆ ಹಾಗಲ್ಲ. ಅಂಗಿ ಹೊಲಿಸಿಕೊಳ್ಳುವವನು ಬಾಂಗ್ಲಾದೇಶಕ್ಕೋ ವಿಯೆಟ್ನಾಂಗೋ ಎದ್ದು ಹೋಗಬಹುದು. ಆಗ ಪೀಣ್ಯದ ಗಾರ್ಮೆಂಟ್ಸ್ ಮಾಲೀಕ ರೇಟು ಇಳಿಸುತ್ತಾನೆ. ಅವನು ಉಳಿಸಿಕೊಳ್ಳಲು ನೋಡುವುದು ಹೊಲಿಗೆ ಲೈನಿನಲ್ಲಿ ಕೂತ ಹೆಂಗಸರ ಓವರ್‌ಟೈಮ್ ಕೂಲಿಯಲ್ಲಿ. ಅವರಿಗೆ ಎದ್ದು ಹೋಗಲು ಇನ್ನೆಲ್ಲಿದೆ?

ಎಲ್ಲಾನೂ ನಾವೇ ಮಾಡ್ಕೊಂಡ್ರೆ ಆಮದು ಯಾಕೆ ಬೇಕು?

ಮದುವೆ ಮನೆಯ ಹೆಡ್ ಭಟ್ಟರು ಸಹಾಯಕರಿಗಿಂತ ಬೇಗ ತರಕಾರಿ ಹೆಚ್ಚಬಲ್ಲರು. ಆದರೂ ಅವರು ಹೆಚ್ಚುವುದಿಲ್ಲ. ಅವರು ಈಳಿಗೆಮಣೆಯ ಮುಂದೆ ಕೂತರೆ ಬಿಸಿಬೇಳೆಬಾತ್ ಹದ ನೋಡುವವರಿಲ್ಲ. ಎರಡರಲ್ಲೂ ಮುಂದಿರುವವನಿಗೂ ಒಂದನ್ನು ಬೇರೆಯವರಿಗೆ ಬಿಡುವುದೇ ಲಾಭ. 1817ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್‌ನ ವೈನ್ ಇಟ್ಟುಕೊಂಡು ಹೇಳಿದ್ದೂ ಇದನ್ನೇ.

ರಿಕಾರ್ಡೊ ಲೆಕ್ಕದಲ್ಲಿ ಸಹಾಯಕ ಅರ್ಧ ಮದುವೆಗೆ ಕೈಕೊಡುವುದಿಲ್ಲ. ನಿಜ ಜೀವನದಲ್ಲಿ ಕೊಡುತ್ತಾನೆ. ಅತಿ ಸೂಕ್ಷ್ಮ ಕಂಪ್ಯೂಟರ್ ಚಿಪ್‌ಗಳಲ್ಲಿ ಬಹುಪಾಲು ತೈವಾನ್ ಎಂಬ ಒಂದೇ ದ್ವೀಪದಲ್ಲಿ ತಯಾರಾಗುತ್ತವೆ. 2021ರಲ್ಲಿ ಚಿಪ್ ಕೊರತೆಯಿಂದ, ಕಾರು ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾದರು. ಔಷಧ, ಚಿಪ್, ಗೊಬ್ಬರ, ಇಂಥ ಕೆಲವಕ್ಕೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಮನೆಯಲ್ಲಿ ವ್ಯವಸ್ಥೆ ಇಟ್ಟುಕೊಳ್ಳಬೇಕು ಎನ್ನುವವನು ನಾನು. ಪಟ್ಟಿ ಮಾತ್ರ ಚಿಕ್ಕದಿರಲಿ. ದೀಪಾವಳಿ ಸರದ ದೀಪವನ್ನೂ ಆ ಪಟ್ಟಿಗೆ ಸೇರಿಸುವವರು ಇದ್ದಾರೆ.

ಅಮೆರಿಕದ ಬ್ಯಾಂಕು ಬಡ್ಡಿ ಏರಿಸಿದ್ರೆ ಕೋರಮಂಗಲದ ಸ್ಟಾರ್ಟಪ್‌ನಲ್ಲಿ ನನ್ನ ಮಗನ ಕೆಲಸ ಯಾಕೆ ಹೋಯ್ತು?

ಇದು ನನ್ನ ಹಳೆಯ ಕಸುಬು, ಆದ್ದರಿಂದ ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ. ಹತ್ತು ವರ್ಷದ ನಂತರ 100 ರೂಪಾಯಿ ಕೊಡುತ್ತೇನೆ ಎಂದು ಒಬ್ಬ ಹೇಳಿದರೆ, ಇವತ್ತು ಅವನಿಗೆ ಎಷ್ಟು ಕೊಡುತ್ತೀರಿ? ಬಡ್ಡಿ ಶೇ 1 ಇದ್ದರೆ ಸುಮಾರು 90. ಬಡ್ಡಿ ಶೇ 5 ಇದ್ದರೆ 61. ದೂರದ ಲಾಭದ ಬೆಲೆ ಬಡ್ಡಿ ಏರಿದಾಗ ಹೀಗೆ ಕರಗುತ್ತದೆ.

ಬಹಳಷ್ಟು ಸ್ಟಾರ್ಟಪ್‌ಗಳು ಮಾರುತ್ತಿದ್ದದ್ದು ಆ ದೂರದ 100 ರೂಪಾಯಿಯನ್ನೇ. ಇವತ್ತು ನಷ್ಟ, ಮುಂದೆ ಭಾರಿ ಲಾಭ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2022ರ ಮಾರ್ಚ್ ತನಕ ಬಡ್ಡಿಯನ್ನು ಹತ್ತಿರ ಹತ್ತಿರ ಸೊನ್ನೆಗೆ ಇಟ್ಟಿತ್ತು. ಅಲ್ಲಿನ ಹಣದುಬ್ಬರ 2022ರ ಜೂನ್‌ನಲ್ಲಿ ಶೇ 9.1 ಮುಟ್ಟಿತು. 2023ರ ಜುಲೈ ಹೊತ್ತಿಗೆ ಬಡ್ಡಿಯನ್ನು ಶೇ 5.25ರಿಂದ 5.5ಕ್ಕೆ ಒಯ್ದರು. ಅಲ್ಲಿನ ಹೂಡಿಕೆದಾರರಿಗೆ ತಮ್ಮ ಸರ್ಕಾರಿ ಬಾಂಡಿನಲ್ಲಿ ಕೂತಲ್ಲೇ ಶೇ 5 ಸಿಗುವಾಗ, ಹತ್ತು ನಿಮಿಷದಲ್ಲಿ ಕೊತ್ತಂಬರಿ ತಲುಪಿಸುವ ಕಂಪನಿಗೆ ಯಾಕೆ ದುಡ್ಡು ಸುರಿಯಬೇಕು? ನಿಮ್ಮ ಮಗನ ಕೆಲಸದಲ್ಲಿ ಕೊರತೆ ಇರಲಿಲ್ಲ. ಅವನ ಸಂಬಳ ಯಾರದೋ ಅಗ್ಗದ ಸಾಲದಿಂದ ಬರುತ್ತಿತ್ತು, ಅಷ್ಟೇ.

ಶ್ರೀಲಂಕಾಗೆ ಆದ ಹಾಗೆ ನಮಗೂ ಆಗುತ್ತಾ?

ಒಮ್ಮೆ ಹತ್ತಿರ ಬಂದಿತ್ತು. 1991ರಲ್ಲಿ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿದಿತ್ತು. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರಗೆ ಅಡ ಇಟ್ಟಿತು. ಮಾಂಗಲ್ಯ ಅಡ ಇಟ್ಟ ಮನೆಯ ಮೌನ ಇಡೀ ಬ್ಯಾಂಕಿನಲ್ಲಿತ್ತು. ಶ್ರೀಲಂಕಾ 2019ರಲ್ಲಿ ತೆರಿಗೆ ಕಡಿತ ಮಾಡಿತು, ಕೋವಿಡ್ ಪ್ರವಾಸಿಗರನ್ನು ನಿಲ್ಲಿಸಿತು, 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿ ಭತ್ತದ ಇಳುವರಿ ಕಳೆದುಕೊಂಡಿತು. 2022ರ ಏಪ್ರಿಲ್‌ನಲ್ಲಿ ಹೊರಗಿನ ಸಾಲ ಕಟ್ಟಲಾಗದು ಎಂದಿತು. ನಮ್ಮ ಹತ್ತಿರ ಈಗ 60,000 ಕೋಟಿ ಡಾಲರಿಗಿಂತ ಜಾಸ್ತಿ ಇದೆ. ಸದ್ಯಕ್ಕೆ ಆ ಭಯ ಬೇಡ.

## ಗಟ್ಟಿ ಪ್ರಶ್ನೆಗಳು

ಟ್ರಾಫಿಕ್‌ಗೆ ಅರ್ಥಶಾಸ್ತ್ರದಲ್ಲಿ ಮದ್ದಿದೆಯಾ? ಇಲ್ಲ ಇನ್ನೊಂದು ಫ್ಲೈಓವರ್ರೇ ಗತಿನಾ?

ನೀವು ಸಿಲ್ಕ್ ಬೋರ್ಡ್ ಹತ್ತಿರ ಕಾರು ತಂದಾಗ ನಿಮ್ಮ ಪೆಟ್ರೋಲಿಗೆ, ನಿಮ್ಮ ಸಮಯಕ್ಕೆ ನೀವೇ ತೆರುತ್ತೀರಿ. ನಿಮ್ಮ ಹಿಂದಿನ ಇನ್ನೂರು ಜನಕ್ಕೆ ಎರಡೆರಡು ಸೆಕೆಂಡು ತಡವಾಯಿತಲ್ಲ, ಅದಕ್ಕೆ ಬಿಲ್ ಬರುವುದಿಲ್ಲ. ಬಿಲ್ ಬಾರದ ಖರ್ಚನ್ನು ಯಾರೂ ಮಿತವಾಗಿ ಮಾಡುವುದಿಲ್ಲ. ಹೊಸ ಫ್ಲೈಓವರ್ ಕೂಡ ಬಿಟ್ಟಿಯಾಗಿದ್ದರೆ ಕೆಲವೇ ವರ್ಷದಲ್ಲಿ ತುಂಬುತ್ತದೆ.

ಸಿಂಗಪುರ 1975ರಲ್ಲೇ ದಟ್ಟಣೆಯ ರಸ್ತೆಗೆ ಶುಲ್ಕ ಹಾಕಿತು. ಲಂಡನ್ 2003ರಲ್ಲಿ, ನ್ಯೂಯಾರ್ಕ್ 2025ರ ಜನವರಿಯಲ್ಲಿ. ನನಗೆ ಇಷ್ಟವಾದದ್ದು ಸ್ಟಾಕ್‌ಹೋಮ್. 2006ರಲ್ಲಿ ಕೆಲವು ತಿಂಗಳು ಪ್ರಯೋಗ ಮಾಡಿದರು. ಶುರುವಿನಲ್ಲಿ ಬಹುಪಾಲು ಜನ ಬೇಡ ಎಂದಿದ್ದರು. ವಾಹನ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾದದ್ದನ್ನು ಕಣ್ಣಾರೆ ಕಂಡ ಮೇಲೆ ಅದೇ ನಗರದವರು ಮತ ಹಾಕಿ ಉಳಿಸಿಕೊಂಡರು.

ಇಲ್ಲಿ ಮಾಡಬಹುದೇ? ಔಟರ್ ರಿಂಗ್ ರೋಡಿನಲ್ಲಿ ಇವತ್ತೇ ಶುರು ಮಾಡಿದರೆ ನಾನೇ ವಿರೋಧಿಸುತ್ತೇನೆ. ಕಾರು ಬಿಟ್ಟವನಿಗೆ ಹತ್ತಲು ಮೆಟ್ರೋ ಬೇಕು, ಬಸ್ಸಿಗೆ ಬೇರೆ ಲೇನ್ ಬೇಕು. ಅಲ್ಲಿ ಸ್ಟೇಷನ್ ತೆರೆದ ದಿನದಿಂದ ನನ್ನ ಓಟು ಶುಲ್ಕದ ಕಡೆ. ಆ ದುಡ್ಡು ಬಸ್ಸಿಗೇ ಹೋಗಬೇಕು ಎಂಬ ಷರತ್ತಿನ ಮೇಲೆ.

ಬೋರ್‌ವೆಲ್ ನನ್ನ ಸೈಟಲ್ಲಿ ನಾನು ಕೊರೆಸ್ತೀನಿ. ಬೇರೆಯವರಿಗೇನು ತೊಂದ್ರೆ? ಇದಕ್ಕೂ ಹವಾಮಾನ ಬದಲಾವಣೆಗೂ ಏನು ಸಂಬಂಧ?

ಸೈಟು ನಿಮ್ಮದು, ಕೆಳಗಿನ ನೀರಿಗೆ ಕಾಂಪೌಂಡ್ ಇಲ್ಲ. ನೀವು 800 ಅಡಿ ಹೋದರೆ ಪಕ್ಕದವರು 1,000 ಅಡಿ ಹೋಗುತ್ತಾರೆ. ಇಬ್ಬರದೂ ಬುದ್ಧಿವಂತಿಕೆಯೇ. ಕೊನೆಗೆ ಇಬ್ಬರ ಪೈಪಿನಲ್ಲೂ ಗಾಳಿ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಇಂಥ ಎಲ್ಲರ ಆಸ್ತಿ ಹಾಳಾಗಿಯೇ ತೀರುತ್ತದೆ ಎಂದು ಬರೆದ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಅವನ ಮಾತೇ ನಿಜ ಅನ್ನಿಸಿತು. ಕೆರೆಗೆ ಬೆಂಕಿ!

ಆದರೆ ಅಮೆರಿಕದ ಸಂಶೋಧಕಿ ಎಲಿನಾರ್ ಆಸ್ಟ್ರಮ್ ಹಳ್ಳಿಗಳಿಗೆ, ಮೀನುಗಾರರ ಊರುಗಳಿಗೆ ಹೋಗಿ ನೋಡಿದರು. ಎಷ್ಟೋ ಕಡೆ ಜನರೇ ನಿಯಮ ಮಾಡಿಕೊಂಡು ತಲೆಮಾರುಗಟ್ಟಲೆ ಉಳಿಸಿಕೊಂಡಿದ್ದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು. ನಮಗೆ ಇದು ಹೊಸದೇನಲ್ಲ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ತೂಬು ಎತ್ತಬೇಕು ಎಂದು ಅವನೇ ನೋಡಿಕೊಳ್ಳುತ್ತಿದ್ದ. ಅವನನ್ನು ಎಲ್ಲರೂ ಬಲ್ಲರು, ಅವನು ಎಲ್ಲರ ಗದ್ದೆ ಬಲ್ಲ.

ಆಕಾಶಕ್ಕೆ ನೀರುಗಂಟಿ ಇಲ್ಲದಿರುವುದೇ ಹವಾಮಾನದ ಸಮಸ್ಯೆ. ಹೊಗೆ ಬಿಡುವ ಲಾಭ ಒಂದು ದೇಶಕ್ಕೆ, ಬಿಸಿ ಎಲ್ಲರಿಗೂ. ಒಂದು ಸಲ ಮಾತ್ರ ಜಗತ್ತು ಇದನ್ನು ಚೆನ್ನಾಗಿ ಸಂಭಾಳಿಸಿದೆ. ಓಜೋನ್ ಪದರಕ್ಕಾಗಿ ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದ. ಆ ಪದರವನ್ನು ತಿನ್ನುವ ಅನಿಲ ತಯಾರಿಸುವ ಕಂಪನಿಗಳು ಕೆಲವೇ ಇದ್ದವು, ಬದಲಿ ಅನಿಲ ಸಿಕ್ಕಿತು, ಸಹಿ ಹಾಕದ ದೇಶದ ಜೊತೆ ಅದರ ವ್ಯಾಪಾರವನ್ನೂ ನಿಲ್ಲಿಸಿದರು. ಕಲ್ಲಿದ್ದಲಿಗೆ ಈ ಮೂರೂ ಅಷ್ಟು ಸುಲಭವಲ್ಲ.

ಯುರೋಪಿನವರು ಕಾರ್ಬನ್ ಸುಂಕ ಅಂತಾರಲ್ಲ, ಬಳ್ಳಾರಿ ಉಕ್ಕಿಗೆ ಅದು ನ್ಯಾಯನಾ?

2026ರ ಜನವರಿ 1ರಿಂದ ಇದು ಪೂರ್ತಿ ಜಾರಿಗೆ ಬಂದಿದೆ. ತೋರಣಗಲ್ಲಿನಲ್ಲಿ ಕಲ್ಲಿದ್ದಲು ಸುಟ್ಟು ಮಾಡಿದ ಉಕ್ಕು ಯುರೋಪಿಗೆ ಹೋದರೆ, ಆ ಹೊಗೆಯ ಲೆಕ್ಕಕ್ಕೆ ಅಲ್ಲಿನ ಆಮದುದಾರ ದುಡ್ಡು ಕಟ್ಟಬೇಕು. ತರ್ಕ ಸರಿಯಾಗಿದೆ. ಬಿಲ್ ಬಾರದ ಖರ್ಚಿಗೆ ಬಿಲ್ ಕಳಿಸುತ್ತಿದ್ದಾರೆ. ಆದರೆ ಇನ್ನೂರು ವರ್ಷ ತಾವು ಬಿಟ್ಟ ಹೊಗೆಗೆ ಬಿಲ್ ಕಟ್ಟದವರು ಕಳಿಸಿದ ಬಿಲ್ ಇದು ಎಂಬ ನಮ್ಮ ತಕರಾರೂ ಸರಿಯೇ. ನನ್ನ ಅಭಿಪ್ರಾಯ ಒಂದೇ. ಇಲ್ಲೇ ಹೊಗೆಗೆ ಬೆಲೆ ಕಟ್ಟಿಸಿಕೊಂಡರೆ ಅಲ್ಲಿ ಅಷ್ಟು ವಜಾ ಸಿಗುತ್ತದೆ. ಹೇಗೂ ಹೋಗುವ ದುಡ್ಡು ಯುರೋಪಿಗೆ ಹೋಗುವ ಬದಲು ಇಲ್ಲೇ ಉಳಿಯಲಿ.

ಜಿಡಿಪಿಯಲ್ಲಿ ಜಪಾನಿನ ಸಮಕ್ಕೆ ಬಂದಿದ್ದೀವಂತೆ. ನನಗ್ಯಾಕೆ ಗೊತ್ತಾಗ್ತಿಲ್ಲ?

ಜಿಡಿಪಿ ಅಂದರೆ ದೇಶ ಒಂದು ವರ್ಷದಲ್ಲಿ ಬೇಯಿಸಿದ ಒಟ್ಟು ಅಡುಗೆಯ ಪಾತ್ರೆ. ಜಪಾನಿನಲ್ಲಿ ಆ ಪಾತ್ರೆಯಿಂದ ಉಣ್ಣುವವರು ಸುಮಾರು 12 ಕೋಟಿ. ನಮ್ಮಲ್ಲಿ 140 ಕೋಟಿ ಮೀರಿದ್ದಾರೆ.

ಎಐ ಬಂದು ಬೆಂಗಳೂರಿನ ಕೆಲಸ ಎಲ್ಲ ತಿಂದು ಹಾಕುತ್ತಾ? ಮಗನಿಗೆ ಏನು ಓದಿಸಲಿ?

ಕೆಲಸ ಅನ್ನುವುದು ಇಡೀ ಒಂದು ವಸ್ತು ಅಲ್ಲ, ಹಲವು ಚೂರುಗಳ ಕಟ್ಟು. ಯಂತ್ರ ಕೆಲವು ಚೂರು ತಗೊಳ್ಳುತ್ತದೆ. ಉಳಿದ ಚೂರಿನ ಬೆಲೆ ಏರಬಹುದು, ಇಳಿಯಲೂಬಹುದು. ನಾನು ಸೇರಿದಾಗ ಬ್ಯಾಂಕಿನಲ್ಲಿ ದಿನದ ಅರ್ಧ ಹೊತ್ತು ಲೆಡ್ಜರ್ ಕೂಡುವುದರಲ್ಲೇ ಹೋಗುತ್ತಿತ್ತು. ನನ್ನ ಪಕ್ಕದ ಸೀಟಿನವರು ಮೂರು ಕಾಲಮ್ಮನ್ನು ಬೆರಳು ಜಾರಿಸಿಕೊಂಡೇ ಕೂಡುತ್ತಿದ್ದರು, ಒಂದು ಪೈಸೆ ತಪ್ಪುತ್ತಿರಲಿಲ್ಲ. ಕಂಪ್ಯೂಟರ್ ಬಂತು. ಬ್ಯಾಂಕು ಬೆಳೆಯಿತು, ಶಾಖೆಗಳು ಹೆಚ್ಚಿದವು, ಸಾಲ ಕೊಡುವವರು, ವಿಮೆ ಮಾರುವವರು ಬೇಕಾದರು. ಆ ಪಕ್ಕದ ಸೀಟಿನವರು ಮಾತ್ರ ವಿಮೆ ಮಾರಲಾರದೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಹೋದರು. ಒಟ್ಟು ಲೆಕ್ಕದಲ್ಲಿ ಕೆಲಸ ಹೆಚ್ಚಿದರೂ, ಕಳೆದುಕೊಂಡವರು ಮತ್ತು ಪಡೆದವರು ಬೇರೆ ಬೇರೆ ಜನ. ಸರ್ಕಾರದ ತಯಾರಿ ಇರಬೇಕಾದ್ದು ಆ ನಡುವಿನ ಹತ್ತು ಹದಿನೈದು ವರ್ಷಕ್ಕೆ.

ಏನು ಓದಿಸಲಿ ಎಂದರೆ ಮಾತ್ರ ನಾನು ಜಾಣತನ ತೋರಿಸಲು ಹೋಗುವುದಿಲ್ಲ. ನನ್ನ ತಂದೆ ಟೈಪಿಂಗ್, ಶಾರ್ಟ್‌ಹ್ಯಾಂಡ್ ಎರಡೂ ಕಲಿಸಿದರು, ಶಾರ್ಟ್‌ಹ್ಯಾಂಡ್‌ನಲ್ಲೇ ಭವಿಷ್ಯ ಇದೆ ಎಂದು ಬಲವಾಗಿ ನಂಬಿದ್ದರು. ಅದು ಪೂರ್ತಿ ದಂಡವಾಯಿತು. ಟೈಪಿಂಗ್‌ನಲ್ಲಿ ಈ ಪುಟ ಬರೆದಿದ್ದೇನೆ.